ಬಿರಡೆ ನಿಲ್ಲುವ ಜಾಗ

“ಇದು ಇಳಿದಿದೆಯಾ, ಇಲ್ಲಾ ನಾನು ಇಳಿದಿದ್ದೀನಾ?”

ಒಳಕೋಣೆಯಿಂದ ಅಕ್ಕನ ದನಿ. ಅಲ್ಲಿ ಅವಳ ಜೊತೆ ಯಾರೂ ಇರಲಿಲ್ಲ, ಮೊಣಕಾಲುಗಳ ನಡುವೆ ನಿಂತಿದ್ದ, ಪಿಟೀಲಿನ ದೊಡ್ಡಣ್ಣನಂಥ ಚೆಲ್ಲೋ ಒಂದು ಬಿಟ್ಟು. ನಾನು ಈಚೆಯ ಕೋಣೆಯಲ್ಲಿ ಯಾರದೋ ಕೋಟಿನ ಅಸ್ತರು ಬಿಚ್ಚುತ್ತಿದ್ದೆ. ಪ್ರಶ್ನೆ ನನ್ನನ್ನು ಕೇಳಿದ್ದಲ್ಲ. ನನ್ನನ್ನು ಕೇಳುವುದಿದ್ದರೆ ಅವಳು ಮೊದಲು ‘ಪುಟ್ಟೀ’ ಎಂದು ಕೂಗಿ, ನಾನು ಓಗೊಟ್ಟ ಮೇಲೆಯೇ ಮಾತು ಮುಂದುವರಿಸುವವಳು. ಇದು ಗೋಡೆಯನ್ನು ಕೇಳಿದ ಪ್ರಶ್ನೆ. ನನ್ನ ಕೈಯ ಕತ್ತರಿ ನಿಂತುಬಿಟ್ಟಿತು.

ಏಕೆಂದರೆ ತಂತಿ ಇಳಿದಿರಲಿಲ್ಲ. ಚೆಲ್ಲೋದ ತಂತಿಗಳಲ್ಲೆಲ್ಲ ದಪ್ಪನೆಯದು, ನೆಲದೊಳಗಿಂದ ಬರುವಂಥ ದನಿಯದು, ಎಲ್ಲಿರಬೇಕೋ ಅಲ್ಲೇ ಇತ್ತು.

ನಾನು ಸಂಗೀತ ಕಲಿತವಳಲ್ಲ, ಹೊಲಿಗೆಯವಳು. ಆದರೆ ನಾವಿಬ್ಬರೂ ತಾತ ಸಂಜೆಹೊತ್ತು ಕಾವ್ಯ ಓದುವುದನ್ನು ಕೇಳಿಕೊಂಡು ಬೆಳೆದವರು. ದೇವರಿಗೆ ಕೈಮುಗಿದು ಓದಲು ಕೂತ ತಾತ ನಡುನಡುವೆ ಬೇಕೆಂದೇ ಒಂದು ಪದ ಬದಲಿಸುತ್ತಿದ್ದರು, ಇಲ್ಲವೇ ಒಂದು ಸಾಲನ್ನು ಕೂದಲೆಳೆಯಷ್ಟು ಕೆಳಗಿನ ದನಿಗೆ ಜಾರಿಸುತ್ತಿದ್ದರು. ಗೊತ್ತಾದವರು ಬಾಯಿ ಬಿಡುವಂತಿಲ್ಲ. ಸುಮ್ಮನೆ ತಲೆ ಎತ್ತಬೇಕು. ನಾನು ಎತ್ತುವಷ್ಟರಲ್ಲಿ ಅಕ್ಕ ಎತ್ತಿ ಆಗಿರುತ್ತಿತ್ತು. ಪಕ್ಕದ ಮನೆಯ ನೀರಿನ ಪಂಪು ಸ್ವಲ್ಪ ಸೋತರೂ ‘ಅದರ ಶ್ರುತಿ ಕೆಟ್ಟಿದೆ, ಇವತ್ತೋ ನಾಳೆಯೋ ನಿಲ್ಲುತ್ತೆ’ ಎನ್ನುತ್ತಿದ್ದವಳು. ಅಂಥವಳು ಈಗ ಗೋಡೆಯನ್ನು ಕೇಳುತ್ತಿದ್ದಾಳೆ.

ಹೊರಗೆ ಬಂದವಳ ಮುಖ ತೊಳೆದಿಟ್ಟ ತಟ್ಟೆಯಂತಿತ್ತು.

“ಕೇಳಿಸ್ತಾ?” ಎಂದಳು.

“ಏನು?”

“ನಾಟಕ ಆಡಬೇಡ ಕಣೆ. ತಂತಿ ಸರಿ ಇತ್ತಾ?”

“ಇತ್ತು.”

“ಹಾಗಾದ್ರೆ ಕೆಟ್ಟಿರೋದು ನಾನೇ,” ಎಂದು ನೀರು ಕುಡಿಯಲು ಹೋದಳು. ಲೋಟ ಹಲ್ಲಿಗೆ ತಗುಲಿ ಸದ್ದಾಯಿತು.

ಕಿವಿಯ ವೈದ್ಯರು ಒಳ್ಳೆಯವರು, ಮೆತ್ತಗೆ ಮಾತಾಡುವವರು. ಅಷ್ಟು ಮೆತ್ತಗೆ ಮಾತಾಡುವವರು ಕಿವಿಯ ವೈದ್ಯರೇಕಾದರೋ ಎಂದು ಹೊರಗಿನ ಬೆಂಚಿನಲ್ಲಿ ಕೂತ ಅಕ್ಕ ತಮಾಷೆ ಮಾಡಿದ್ದಳು. ಒಳಗೆ ಅವರು ಹೇಳಿದ್ದು ಇಷ್ಟು: ನರ ಸವೆದಿದೆ. ಗದ್ದಲ, ಮಾತು ಎಲ್ಲ ಕೇಳಿಸುತ್ತದೆ. ಆದರೆ ಕೆಳಗಿನ ದನಿಗಳು ಇರುವುದಕ್ಕಿಂತ ಇಳಿದಂತೆಯೋ ಏರಿದಂತೆಯೋ ಕೇಳಿಸುತ್ತವೆ. ಇವತ್ತು ಒಂದು ಥರ, ನಾಳೆ ಇನ್ನೊಂದು ಥರ. ಮದ್ದಿಲ್ಲ.

“ನುಡಿಸೋದು ಬಿಡಬೇಕಾಗಿಲ್ಲ,” ಎಂದರು. “ಹಳೇದನ್ನ ನುಡಿಸಿ. ಎಷ್ಟೋ ವರ್ಷದಿಂದ ನುಡಿಸಿರ್ತೀರಲ್ಲ, ಕೈಗೇ ದಾರಿ ಗೊತ್ತಿರುತ್ತೆ.”

ಅಕ್ಕ ನಕ್ಕಳು.

ಅವಳ ಬಳಿ ಹಳೆಯದು ಇರಲಿಲ್ಲ. ಅಕ್ಕ ಬದುಕಿರುವವರು ಬರೆದ ಸಂಗೀತವನ್ನಷ್ಟೇ ನುಡಿಸಿದವಳು. ಕಲಿಯುವಾಗ ಅವಳ ಮೇಷ್ಟ್ರು ಬೈಯುತ್ತಿದ್ದರಂತೆ: “ಸತ್ತವರು ಬರೆದಿಟ್ಟಿದ್ದೇ ಈ ಜನ್ಮಕ್ಕೆ ಮುಗಿಯಲ್ಲ, ನಿನಗೆ ಇವರ ಗೊಡವೆ ಯಾಕಮ್ಮ?” ಇವಳು ಹೇಳುತ್ತಿದ್ದುದು, “ಸತ್ತವರು ಫೋನ್ ಎತ್ತಲ್ಲ ಸಾರ್.” ಹೇಳಿದಂತೆಯೇ ಬಾಳಿದಳು. ಬರೆದವರು ನಮ್ಮ ಮನೆಗೇ ಬರುತ್ತಿದ್ದರು. ನನ್ನ ಹೊಲಿಗೆ ಮೇಜಿನ ಮೇಲೆ ಹಾಳೆ ಹರಡಿಕೊಂಡು ಜಗಳ. ‘ಇಲ್ಲಿ ಬೆರಳು ಹೋಗಲ್ಲ, ಬದಲಾಯಿಸಿ.’ ‘ಹೋಗುತ್ತೆ, ನಿಮಗೆ ಸೋಮಾರಿತನ.’ ಕೊನೆಗೆ ಬೆರಳು ಹೋಗುತ್ತಿತ್ತು, ಇಲ್ಲವೇ ಸ್ವರ ಬದಲಾಗುತ್ತಿತ್ತು. ಅವಳು ನುಡಿಸಿದಾಗಲೇ ಆ ಸಂಗೀತ ಮೊದಲ ಸಲ ಲೋಕದ ಕಿವಿಗೆ ಬೀಳುವುದು. ಆಮೇಲೆ ಅದನ್ನು ಕಿರಿಯರ ಕೈಗಿತ್ತು, ಮುಂದಿನವರಿಗೆ ‘ನನಗೊಂದು ಬರೆದುಕೊಡಿ’ ಎಂದು ಗಂಟು ಬೀಳುತ್ತಿದ್ದಳು. ಕೆಲವು ಸಂಜೆ ಜನ ಎಷ್ಟು ಕಡಿಮೆ ಇರುತ್ತಿದ್ದರೆಂದರೆ, ಬಂದವರೆಲ್ಲರ ಕಿತ್ತ ಗುಂಡಿಗಳನ್ನು ವಿರಾಮ ಮುಗಿಯುವುದರೊಳಗೆ ನಾನೊಬ್ಬಳೇ ಹೊಲಿದುಕೊಡಬಹುದಿತ್ತು.

ಪ್ರತಿ ತಾಲೀಮಿಗೂ ನಾನು ಕೊನೆಯ ಸಾಲಿನಲ್ಲಿ ಕೂರುತ್ತಿದ್ದೆ. ಹೊಸ ಸಂಗೀತ ಶುರುವಾಗುವ ಮೊದಲು ಕಣ್ಣುಮುಚ್ಚಿ ದೇವರನ್ನು ನೆನೆಯುತ್ತಿದ್ದೆ, ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗೆ. ಅರ್ಥವಾಗದಿದ್ದದ್ದೇ ಹೆಚ್ಚು. ಆದರೂ ತಾತನ ಕಾವ್ಯದಲ್ಲೂ ನಾವು ಮೊದಲು ದನಿ ಕೇಳಿ, ಎಷ್ಟೋ ಕಾಲದ ಮೇಲೆ ಅರ್ಥ ತಿಳಿದವರೇ ತಾನೆ.

ಹಾಗಾಗಿ ವೈದ್ಯರ ಮಾತಿನ ಅರ್ಥ ನಮ್ಮಿಬ್ಬರಿಗೂ ಆಯಿತು. ಕೇಳಿ ಗೊತ್ತಿರುವುದನ್ನು ಕಿವಿ ಕೆಟ್ಟರೂ ಕೈ ನುಡಿಸೀತು. ಯಾರೂ ಕೇಳಿಯೇ ಇರದ್ದನ್ನು ಕಿವಿಯೇ ಹುಡುಕಬೇಕು.

“ಯಾರಿಗೂ ಹೇಳೋ ಹಾಗಿಲ್ಲ,” ಎಂದಳು ಬಸ್ಸಿನಲ್ಲಿ. “ಗುಬ್ಬಿಗಂತೂ ಮೊದಲೇ ಇಲ್ಲ.”

ಗುಬ್ಬಿ ಎಂದರೆ ಆ ಸಲ ಬರೆದುಕೊಟ್ಟ ಹುಡುಗಿ. ಓದು ಮುಗಿಸಿ ಹೆಚ್ಚು ಕಾಲವಾಗಿರಲಿಲ್ಲ. ಕೂತಲ್ಲಿ ಕೂರದೆ ಪುಟಪುಟ ಓಡಾಡುತ್ತಿದ್ದುದರಿಂದ ಅಕ್ಕ ಇಟ್ಟ ಹೆಸರು. ಅವಳ ದೊಡ್ಡ ರಚನೆಯೊಂದನ್ನು ವೇದಿಕೆಯ ಮೇಲೆ ಯಾರಾದರೂ ನುಡಿಸುವುದು ಅದೇ ಮೊದಲು. ಚೆಲ್ಲೋಗೆ ಮತ್ತು ಪಿಯಾನೋಗೆ ಬರೆದದ್ದು. ಅದರ ನಡುವೆ ಒಂದು ಜಾಗ ಬರುತ್ತಿತ್ತು: ಪಿಯಾನೋ ಸುಮ್ಮನಾಗುತ್ತದೆ. ಅಕ್ಕ ಬಲಗೈಯಲ್ಲಿ ಆ ದಪ್ಪ ತಂತಿಯ ಮೇಲೆ ಕಮಾನು ಎಳೆಯುತ್ತಲೇ ಎಡಗೈಯಲ್ಲಿ ಬಿರಡೆ ತಿರುಗಿಸಿ ತಂತಿಯನ್ನು ನಿಧಾನಕ್ಕೆ ಸಡಿಲಿಸಬೇಕು. ದನಿ ಬಾವಿಗಿಳಿಯುವ ಕೊಡದ ಹಾಗೆ ಇಳಿದು ಇಳಿದು ಒಂದು ಕಡೆ ನಿಲ್ಲಬೇಕು. ನಿಂತ ಮೇಲೆ ಪಿಯಾನೋ ಅದೇ ಸ್ವರವನ್ನು ಹಿಡಿದು ಒಳಬರುತ್ತದೆ. ಎಲ್ಲಿ ನಿಲ್ಲಬೇಕೆಂದು ಬೆರಳಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿ ಬೆರಳಿಗೆ ಕೆಲಸವೇ ಇಲ್ಲ. ಕಿವಿ ಹೇಳಬೇಕು, ಬಿರಡೆ ನಿಲ್ಲಬೇಕು.

ಬೇರೆ ದಾರಿಗಳನ್ನೆಲ್ಲ ನೋಡಿದೆವು. ಬಿರಡೆಗೂ ಅದು ಕೂರುವ ಮರಕ್ಕೂ ಸೀಸದ ಕಡ್ಡಿಯಲ್ಲಿ ಗುರುತು ಹಾಕಿದಳು. ಬೆಳಗ್ಗೆ ಸರಿಹೊಂದಿದ ಗುರುತು ಮಧ್ಯಾಹ್ನ ಸೆಖೆಗೆ ಸುಳ್ಳಾಯಿತು. ಶ್ರುತಿ ತೋರಿಸುವ ಸಣ್ಣ ಯಂತ್ರ ಸಿಕ್ಕಿಸಿದಳು. ಜಾರುವ ದನಿಗೆ ಅದರ ಮುಳ್ಳು ಹುಚ್ಚು ಹಿಡಿದಂತೆ ಕುಣಿಯಿತೇ ಹೊರತು ಒಂದೆಡೆ ನಿಲ್ಲಲಿಲ್ಲ. “ಅಲ್ಲದೆ ಇದರ ದೀಪ ಇಡೀ ಹಾಲಿಗೆ ಕಾಣುತ್ತೆ,” ಎಂದು ಕಿತ್ತಿಟ್ಟಳು. “ಪರೀಕ್ಷೆಗೆ ಚೀಟಿ ತಂದು, ಮೇಷ್ಟ್ರ ಮೇಜಿನ ಮೇಲೇ ಇಟ್ಟು ಬರೆದ ಹಾಗೆ.”

ಮನೆಯಲ್ಲಿ ಮಾತ್ರ ದಿನವೂ ಸರಿಯಾಗಿ ನಿಲ್ಲಿಸುತ್ತಿದ್ದಳು. ಹೇಗೆಂದು ನನಗೆ ಹೊಳೆಯಲು ಸ್ವಲ್ಪ ಕಾಲ ಹಿಡಿಯಿತು. ಅವಳು ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ತಿರುಗಿಸಿಕೊಂಡಿದ್ದಳು. ಬಾಗಿಲ ಈಚೆ ನಾನು ಹೊಲಿಗೆಗೆ ತಲೆ ಬಗ್ಗಿಸಿ ಕೂತಿರುತ್ತಿದ್ದೆ. ಸ್ವರ ಬಂದು ಸೇರಿದ ಕ್ಷಣ ನನಗೆ ತಿಳಿಯದೆಯೇ ನನ್ನ ತಲೆ ಮೇಲೇಳುತ್ತಿತ್ತು. ಅವಳು ಬಿರಡೆ ನಿಲ್ಲಿಸುತ್ತಿದ್ದಳು. ಅವಳು ನುಡಿಸುತ್ತಿದ್ದುದು ನನ್ನ ಕತ್ತನ್ನು ನೋಡಿಕೊಂಡು. ಇದು ತಿಳಿದ ದಿನದಿಂದ ನನಗೆ ಹೊಲಿಗೆ ನೆಟ್ಟಗಾಗಲಿಲ್ಲ. ತಲೆ ಎತ್ತಲೂ ಹೆದರಿಕೆ, ಎತ್ತದಿರಲೂ ಹೆದರಿಕೆ. ನನ್ನ ಕಿವಿಯನ್ನಾದರೂ ನಂಬುವುದು ಹೇಗೆ, ಅಕ್ಕನಿಗಿಂತ ಏನು ಬಹಳ ಚಿಕ್ಕವಳೇ ನಾನು? ದೇವರೇ, ಇದೊಂದು ಮುಗಿಯುವವರೆಗೆ ನನ್ನ ಕಿವಿ ಕಾಯಪ್ಪ ಎಂದು ಬೇಡಿಕೊಂಡೆ. ಕಣ್ಣಿಗಾಗಿ ಬೇಡಿಕೊಂಡಿದ್ದೆ, ಮೊಣಕಾಲಿಗಾಗಿಯೂ. ಕಿವಿಗಾಗಿ ಬೇಡಿದ್ದು ಅದೇ ಮೊದಲು.

ಸಭಾಂಗಣದ ಮೊದಲ ತಾಲೀಮಿಗೆ ಪಿಯಾನೋದವರು ಬರಲಿಲ್ಲ. ಅವರಿಗೆ ಬೇರೆ ಊರಿನಲ್ಲಿ ಕಾರ್ಯಕ್ರಮವಿತ್ತು. ಅಕ್ಕ ಒಬ್ಬಳೇ ನುಡಿಸಿದಳು. ನಾನು ಎಂದಿನಂತೆ ಕೊನೆಯ ಸಾಲಿನಲ್ಲಿ ಕೂತಿದ್ದೆ. ವೇದಿಕೆಯ ದೀಪ ಕಣ್ಣಿಗೆ ಹೊಡೆದು ಅಲ್ಲಿಂದ ನಾನು ಅವಳಿಗೆ ಕಾಣುತ್ತಿರಲಿಲ್ಲ. ಆ ಜಾಗ ಬಂತು. ದನಿ ಇಳಿಯಿತು, ಸೇರಬೇಕಾದಲ್ಲಿ ಸೇರಿತು, ನನ್ನ ತಲೆ ಎದ್ದಿತು. ಆದರೆ ದನಿ ನಿಲ್ಲದೆ ಇನ್ನೂ ಕೆಳಗಿಳಿಯಿತು. ಕತ್ತಲಲ್ಲಿ ಮೆಟ್ಟಿಲು ಮುಗಿದಿದೆ ಎಂದುಕೊಂಡು ಕಾಲಿಟ್ಟಾಗ ಕೆಳಗೆ ಇನ್ನೂ ಒಂದು ಮೆಟ್ಟಿಲಿದ್ದರೆ ಎದೆ ಧಸಕ್ಕೆನ್ನುತ್ತದಲ್ಲ, ಹಾಗಾಯಿತು.

ಗುಬ್ಬಿ ಮುಂದಿನ ಸಾಲಿನಿಂದ ಎದ್ದು ವೇದಿಕೆಗೆ ಓಡಿದಳು. “ಮೇಡಂ, ನಾನು ಬರೆದಿದ್ದಕ್ಕಿಂತ ಕೆಳಗೆ ಹೋದ್ರಿ.”

ಮುಗಿಯಿತು ಎಂದುಕೊಂಡೆ. ಮುಗಿದಿದ್ದರೆ ಚೆನ್ನಾಗಿತ್ತು.

“ಅದೇ ಸರಿ ಮೇಡಂ,” ಎಂದಳು ಗುಬ್ಬಿ. “ನನಗೇ ಅಷ್ಟು ಕೆಳಗೆ ಹೋಗೋ ಧೈರ್ಯ ಇರ್ಲಿಲ್ಲ. ಹಾಗೇ ಬಿಡಿ. ಪಿಯಾನೋದನ್ನ ನಾನು ಬದಲಾಯಿಸ್ತೀನಿ.” ಅಲ್ಲೇ ನೆಲದ ಮೇಲೆ ಕೂತು, ರಬ್ಬರಿನಿಂದ ಅಳಿಸಿ, ಹೊಸದು ಬರೆದಳು.

ದಾರಿಯಲ್ಲಿ ಕೇಳಿದೆ, “ಅಕ್ಕ, ಯಾಕೆ ಸುಮ್ಮನಿದ್ದೆ?”

“ಅವಳಿಗೆ ಇಷ್ಟವಾಯ್ತಲ್ಲ.”

“ನೀನು ಬೇಕು ಅಂತ ಹೋದದ್ದಲ್ವಲ್ಲ.”

“ಎಷ್ಟೋ ಒಳ್ಳೇದು ಹಾಗೇ ಆಗುತ್ತೆ ಕಣೆ. ನಿನ್ನ ಕತ್ತರಿ ಯಾವತ್ತೂ ಅಡ್ಡ ಹೋಗಿಲ್ವಾ?”

“ಹೋಗಿದೆ. ಅದನ್ನೇ ಹೊಸ ಫ್ಯಾಷನ್ ಅಂತ ಗಿರಾಕಿಗೆ ಹೇಳಿಲ್ಲ.”

ಅವಳು ನಗಲಿಲ್ಲ. ಚೆಲ್ಲೋ ಪೆಟ್ಟಿಗೆಯ ಪಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ ಮುಂದೆ ನಡೆದಳು.

ಮನೆಯಲ್ಲಿ ಹೊಸ ಜಾಗವನ್ನು ರೂಢಿ ಮಾಡಿದೆವು. ‘ಮಾಡಿದೆವು’ ಎಂದು ಬಾಯಿಗೆ ಬಂತು, ಇರಲಿ. ಅವಳು ಬಿರಡೆ ತಿರುಗಿಸುವಳು, ನಾನು ತಲೆ ಎತ್ತುವೆನು. ಮಾತಿಲ್ಲ.

ಕಾರ್ಯಕ್ರಮದ ದಿನ ಮಧ್ಯಾಹ್ನ ಕೊನೆಯ ತಾಲೀಮು. ಪಿಯಾನೋದವರು ಬಂದಿದ್ದರು. ದಪ್ಪನೆಯ ಮನುಷ್ಯ, ಸದಾ ನಿದ್ದೆಗಣ್ಣು. ಕೂತ ಸ್ಟೂಲು ಕಿರುಗುಟ್ಟಿದ್ದಕ್ಕೆ “ಇದೂ ಬರೆದದ್ದೇನಮ್ಮ?” ಎಂದು ಗುಬ್ಬಿಯನ್ನು ಕೇಳಿ ನಗಿಸಿದರು. ಈ ಸಲ ನಾನು ಮುಂದಿನ ಸಾಲಿಗೆ ಹೋಗಿ ಕೂತೆ. ಆದರೆ ಗುಬ್ಬಿ ಒಂದು ಕಡೆ ನಿಲ್ಲುವವಳಲ್ಲ. ಆ ಜಾಗ ಬರುವ ಹೊತ್ತಿಗೆ ಸರಿಯಾಗಿ ವೇದಿಕೆಯ ಅಂಚಿಗೆ ಬಂದು, ನನಗೂ ಅಕ್ಕನಿಗೂ ಅಡ್ಡವಾಗಿ ನಿಂತಳು.

ಬಿರಡೆ ತಿರುಗಿತು. ದನಿ ಇಳಿಯತೊಡಗಿತು. ಗುಬ್ಬಿಯ ಬೆನ್ನಿನ ಒಂದು ಪಕ್ಕದಿಂದ ಅಕ್ಕನ ಮುಖದ ಅರ್ಧ ಕಾಣುತ್ತಿತ್ತು. ಕಣ್ಣು ನನ್ನನ್ನು ಹುಡುಕುತ್ತಿತ್ತು. ಸಂತೆಯಲ್ಲಿ ಅಮ್ಮನ ಕೈ ತಪ್ಪಿಸಿಕೊಂಡ ಮಗುವಿನ ಕಣ್ಣು ಅದು. ನಾನು ಕತ್ತು ಚಾಚಿದೆ, ಪಕ್ಕಕ್ಕೆ ಸರಿದೆ. ಅಷ್ಟರಲ್ಲಿ ಬಿರಡೆ ನಿಂತಿತ್ತು. ಹೊಸದಾಗಿ ಬರೆದಲ್ಲೂ ಅಲ್ಲ, ಹಳೆಯದರಲ್ಲೂ ಅಲ್ಲ, ಎರಡರ ನಡುವೆ ಎಲ್ಲೋ. ಪಿಯಾನೋ ಒಳಬಂತು. ಅನ್ನದಲ್ಲಿ ಕಲ್ಲು ಕಚ್ಚಿದ ಹಾಗಾಯಿತು.

ಪಿಯಾನೋದವರು ಕೈ ತೆಗೆದು ತಮ್ಮ ಬೆರಳುಗಳನ್ನೇ ನೋಡಿಕೊಂಡರು. “ನಾನು ನಿದ್ದೆ ಮಾಡಿದ್ನಾ?”

“ಇಲ್ಲ ಸಾರ್, ನೀವು ಸರಿ ಇದ್ದೀರಿ,” ಎಂದಳು ಗುಬ್ಬಿ. ಅಕ್ಕನ ಕಡೆ ತಿರುಗಿದಳು. “ಮೇಡಂ, ನಾನು... ಅವತ್ತು ನೀವು ನುಡಿಸಿದ್ದನ್ನ ನಾನು ತಪ್ಪಾಗಿ ಕೇಳಿಸ್ಕೊಂಡೆ ಅನಿಸುತ್ತೆ. ನೀವು ಇದನ್ನೇ ನುಡಿಸಿದ್ರಾ ಅವತ್ತು?”

ಅಕ್ಕನ ಬಾಯಿ ತೆರೆಯಿತು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅವಳು ಕಮಾನನ್ನು ತೊಡೆಯ ಮೇಲೆ ಇಟ್ಟುಕೊಂಡು, “ಸ್ವಲ್ಪ ಹೊತ್ತು ಬಿಡೋಣ,” ಎಂದಳು. ಅಷ್ಟೇ.

ತಾಲೀಮು ಅಲ್ಲಿಗೇ ನಿಂತಿತು. ಸಂಜೆ ಕಾರ್ಯಕ್ರಮಕ್ಕೆ ಸ್ವಲ್ಪ ಮುಂಚೆ ನೀರು ತರಲು ಹೋದಾಗ ಮೆಟ್ಟಿಲ ಕೆಳಗಿನ ಪಡಸಾಲೆಯಲ್ಲಿ ಗುಬ್ಬಿ ಕೂತಿದ್ದಳು. ಮಡಿಲಲ್ಲಿ ಹಾಳೆ. ಅಳಿಸಿ ಅಳಿಸಿ ಕಾಗದ ಆ ಜಾಗದಲ್ಲಿ ತೆಳುವಾಗಿ, ಹಿಂದಿನ ಬೆಳಕು ಕಾಣುತ್ತಿತ್ತು. ಓಡಾಡದೆ ಕೂತ ಅವಳನ್ನು ನಾನು ನೋಡಿದ್ದು ಅದೇ ಮೊದಲು.

“ಆಂಟಿ, ನಿಮಗೆ ಹೇಗೆ ಕೇಳಿಸ್ತು?”

“ನಾನು ಹೊಲಿಗೆಯವಳು ಕಣಮ್ಮ.”

“ನನಗೆ ನನ್ನ ಕಿವಿ ಮೇಲೇ ನಂಬಿಕೆ ಹೋಯ್ತು. ಅವತ್ತು ಕೆಳಗೆ ಕೇಳಿಸ್ತು, ಬರ್ಕೊಂಡೆ. ಇವತ್ತು ಬೇರೆ. ಮೇಡಂ ತಪ್ಪೋದು ಅನ್ನೋದೇ ಇಲ್ಲ. ಹಾಗಾದ್ರೆ ನನಗೇ ಏನೋ ಆಗಿದೆ.” ರಬ್ಬರಿನ ಪುಡಿಯನ್ನು ಊದಿದಳು. “ನನಗೆ ಬರೋದು ಇದೊಂದೇ ಆಂಟಿ, ಕೇಳಿಸ್ಕೊಂಡು ಬರೆಯೋದು. ಅದೂ ಸುಳ್ಳು ಅಂತಾದ್ರೆ ನಾನು ಮನೆಗೆ ಹೋಗಿ ಬೇರೆ ಏನಾದ್ರೂ ನೋಡ್ಕೋಬೇಕು. ಹೆದರಿಕೆ ಆಗುತ್ತೆ.”

ಅದೇ ಪದ. ಅಕ್ಕ ಬಾಯಿಬಿಟ್ಟು ಆಡದ ಪದ. ‘ನಿನ್ನ ಕಿವಿ ಸರಿಯಾಗಿದೆ ಮಗಳೇ’ ಎಂಬಷ್ಟು ಮಾತು ಗಂಟಲವರೆಗೆ ಬಂತು. ಆದರೆ ಅದನ್ನು ಹೇಳಿದರೆ ಉಳಿದದ್ದೂ ಹೇಳಿದಂತೆಯೇ. ಅದು ಅಕ್ಕ ಹೇಳಬೇಕಾದ ಮಾತು. ನಾನು ಅವಳ ತಲೆ ಸವರಿ ಮೇಲೆ ಹತ್ತಿದೆ.

ವೇದಿಕೆಯ ಹಿಂದಿನ ಕೋಣೆ ಚಿಕ್ಕದು. ಒಂದು ಕನ್ನಡಿ, ಒಂದು ಕುರ್ಚಿ, ಕೋಟು ತೂಗುಹಾಕುವ ಗೂಟಗಳು. ಅಕ್ಕ ಕಾರ್ಯಕ್ರಮದ ಕಪ್ಪು ಬಟ್ಟೆ ಹಾಕಿಕೊಂಡು ಕೂತಿದ್ದಳು. ಅದರ ಬಲತೋಳನ್ನು ಕಮಾನಿಗೆ ಅಡ್ಡಿಯಾಗದಂತೆ ನಾನೇ ಸಡಿಲ ಬಿಟ್ಟು ಹೊಲಿದಿದ್ದೆ. ಗೋಡೆಯ ಆಚೆ ಜನ ಬಂದು ಕೂರುವ ಸದ್ದು, ಕುರ್ಚಿ ಬಿಡಿಸುವ ಸದ್ದು.

“ಬಾಗಿಲು ಹಾಕು,” ಎಂದಳು.

ಹಾಕಿದೆ.

“ನನಗೆ ಒಂದು ಉಪಾಯ ಹೊಳೆದಿದೆ. ನೀನು ವೇದಿಕೆ ಮೇಲೆ ಬಂದು ನನ್ನ ಪಕ್ಕ ಕೂತ್ಕೋ. ಹಾಳೆ ತಿರುಗಿಸೋಕೆ. ಎಲ್ಲರ ಪಕ್ಕದಲ್ಲೂ ಯಾರಾದ್ರೂ ಕೂರ್ತಾರೆ, ಯಾರೂ ಏನೂ ಅಂದ್ಕೊಳ್ಳಲ್ಲ. ಆ ಜಾಗ ಬಂದಾಗ ನೀನು ಹಾಳೆ ತುದಿಗೆ ಬೆರಳಿಡು. ಸ್ವರ ಸೇರಿದ ತಕ್ಷಣ ತೆಗಿ. ನಾನು ನಿಲ್ಲಿಸ್ತೀನಿ.”

“ಅಕ್ಕ, ಗುಬ್ಬಿ ಕೆಳಗೆ ಕೂತು ಅಳಿಸ್ತಾ ಇದ್ದಾಳೆ.”

“ಅವಳು ಬರೆದದ್ದೇ ಸರಿ, ಹಾಗೇ ಇರಲಿ ಅಂತ ಹೇಳಿ ಕಳಿಸಿದ್ದೀನಿ. ಈಗ ನೆಟ್ಟಗೆ ಕೇಳಿಸಿದ್ರೆ ಎಲ್ಲಾ ಮರೀತಾಳೆ.”

“ಮರೆಯಲ್ಲ. ತನ್ನ ಕಿವಿ ಕೆಟ್ಟಿದೆ ಅಂದ್ಕೊಂಡಿದ್ದಾಳೆ.”

ಅಕ್ಕ ಕನ್ನಡಿಯ ಕಡೆ ತಿರುಗಿದಳು. ಕನ್ನಡಿಯೊಳಗಿಂದಲೇ ಮಾತಾಡಿದಳು.

“ನಿನಗೆ ಗೊತ್ತಿಲ್ಲ ಪುಟ್ಟಿ. ಇದು ಹೊರಗೆ ಬಿದ್ದ ಮರುಗಳಿಗೆ ನನಗೆ ಯಾರೂ ಬರೆಯಲ್ಲ. ಕೆಟ್ಟವರಲ್ಲ ಅವರು. ಹೂವು ತರ್ತಾರೆ, ಸನ್ಮಾನ ಮಾಡ್ತಾರೆ, ನನ್ನ ಬಗ್ಗೆ ಒಳ್ಳೆ ಮಾತಾಡ್ತಾರೆ. ಬರೆಯಲ್ಲ ಅಷ್ಟೇ. ಬದುಕಿರೋರಿಗೆ ತಾನೇ ಬರೆಯೋದು? ಬೆಳಗ್ಗೆ ಎದ್ರೆ ಮೇಜಿನ ಮೇಲೆ ಹೊಸ ಹಾಳೆ ಇರಲ್ಲ. ನನಗೆ ಹಳೇದೇ ಇಲ್ಲವಲ್ಲೇ, ಹೋಗಿ ಕೂರೋಕೆ. ಆ ವೈದ್ಯರು ಹೇಳಿದಾಗಿಂದ ನನಗೆ ನಿದ್ದೆ ಬಂದಿಲ್ಲ. ಕಣ್ಣು ಮುಚ್ಚಿದ್ರೆ ಆ ತಂತಿ ಇಳೀತಾ ಇರುತ್ತೆ, ತಳ ಸಿಗಲ್ಲ.”

ಇಷ್ಟು ಹೇಳಿ ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡಳು, ಚಳಿಯಾದವರ ಹಾಗೆ. ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟೆ.

ಬಾಗಿಲು ತಟ್ಟಿದರು. ಪಿಯಾನೋದವರು. “ಬರ್ತೀರಾ? ನಾನಂತೂ ಎದ್ದಿದ್ದೀನಿ.”

“ಬಂದ್ವಿ,” ಎಂದಳು ಅಕ್ಕ, ಎಂದಿನ ದನಿಯಲ್ಲಿ. ಆ ದನಿ ಅಷ್ಟು ಸಲೀಸಾಗಿ ಬಂತು. ಹೆಜ್ಜೆ ದೂರವಾಗುವವರೆಗೆ ಕಾದು ನನ್ನ ಕೈ ಹಿಡಿದಳು.

“ಒಂದೇ ಸಲ. ಇವತ್ತೊಂದು ದಿನ. ಆಮೇಲೆ ನಾನೇ ಯೋಚನೆ ಮಾಡ್ತೀನಿ. ಕೊನೆ ಸಾಲಿನಲ್ಲಿ ಕೂತು ಕೂತು ನಿನಗೂ ಸಾಕಾಗಿರುತ್ತೆ, ಒಂದ್ಸಲ ದೀಪದ ಕೆಳಗೆ ಕೂರು.” ನಗಲು ನೋಡಿದಳು. ಆಗಲಿಲ್ಲ. “ಪುಟ್ಟಿ. ಬಾ ಅಂದ್ರೆ.”

ಹೋದರೆ ಏನಾಗುತ್ತದೆಂದು ನನಗೆ ಕಾಣುತ್ತಿತ್ತು. ನನ್ನ ಬೆರಳು ಏಳುತ್ತದೆ, ಬಿರಡೆ ನಿಲ್ಲುತ್ತದೆ, ಚಪ್ಪಾಳೆಯಾಗುತ್ತದೆ. ನಾಳೆ ಇನ್ನೊಬ್ಬರ ಹಾಳೆ ಬರುತ್ತದೆ, ನನ್ನ ಬೆರಳು ಮತ್ತೆ ಏಳುತ್ತದೆ. ಎಲ್ಲೋ ಒಂದು ಸಲ ನನ್ನ ಕಿವಿಯೂ ತಪ್ಪುತ್ತದೆ. ಆಗಲೂ ಯಾರೋ ಒಂದು ಹುಡುಗಿ ಮೆಟ್ಟಿಲ ಕೆಳಗೆ ಕೂತು ತನ್ನದೇ ತಪ್ಪೆಂದು ಅಳಿಸುತ್ತಿರುತ್ತಾಳೆ. ಹೋಗದಿದ್ದರೆ ಏನಾಗುತ್ತದೆಂದೂ ಕಾಣುತ್ತಿತ್ತು. ನಾನು ಹೆಚ್ಚು ಹೆದರಿದ್ದು ಆ ಎರಡನೆಯದಕ್ಕೇ. ದೇವರನ್ನು ನೆನೆಯಲು ನೋಡಿದೆ. ಒಂದು ಸಾಲೂ ನೆನಪಿಗೆ ಬರಲಿಲ್ಲ.

“ಗುಬ್ಬಿ ಇಲ್ಲೇ ಕೆಳಗಿದ್ದಾಳೆ,” ಎಂದೆ. “ಕರೀತೀನಿ. ನೀನು ಅವಳಿಗೆ ಹೇಳು. ಆಮೇಲೆ ಅವಳು ಏನು ಹೇಳ್ತಾಳೋ ಹಾಗೆ.”

“ನೀನು ನನ್ನ ಪಕ್ಕ ಬಂದು ಕೂರ್ತೀಯೋ ಇಲ್ವೋ, ಅಷ್ಟು ಹೇಳು.”

ಅವಳ ಹಿಡಿತದಿಂದ ನನ್ನ ಕೈ ಬಿಡಿಸಿಕೊಂಡೆ.

“ಇಲ್ಲ ಅಕ್ಕ. ನಾನು ಕೂರಲ್ಲ.”